ಸುರಂಗದಲ್ಲಿಟ್ಟ ಮದ್ದು

ಆ ಬುಧವಾರ ಬೆಳಿಗ್ಗೆ ಕಮಲ ಎದ್ದವಳೇ ಫ್ರಿಜ್ಜಿನ ಬಾಗಿಲು ತೆರೆದು ಒಳಗಿದ್ದ ಪುಟ್ಟ ಥರ್ಮಾಮೀಟರು ನೋಡಿದಳು. ಐದು ಡಿಗ್ರಿ. ನೀಲಿ ರಟ್ಟಿನ ಪುಸ್ತಕದಲ್ಲಿ ಐದು ಎಂದು ಬರೆದಳು. ಆಮೇಲೆ ಗಂಡ ಪುರಂದರನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಮೆಷಿನಿನ ಪಟ್ಟಿಗೆ ತಾಗಿಸಿದಳು. ನೂರ ತೊಂಬತ್ತೆಂಟು. ಅದನ್ನೂ ಬರೆದಳು.

"ಎಷ್ಟುಂಟು?" ಎಂದು ಪುರಂದರ ಕೇಳಿದ.

"ನೂರ ತೊಂಬತ್ತೆಂಟು. ನಿನ್ನೆ ಹಲಸಿನಹಣ್ಣು ಎಷ್ಟು ತಿಂದದ್ದು ನೀವು?"

"ಎರಡು ಸೊಳೆ ಮಾರಾಯ್ತಿ."

"ಹಿತ್ತಿಲಲ್ಲಿ ಬೀಜ ಎಣಿಸಿದ್ದೇನೆ. ಹನ್ನೊಂದು ಉಂಟು."

"ಒಂಬತ್ತು ಕುಂಞನದ್ದು."

"ಕುಂಞ ನಿನ್ನೆ ಈ ಕಡೆ ಬರಲೇ ಇಲ್ಲ."

ಸಿಕ್ಕಿಬಿದ್ದಾಗ ಪುರಂದರನಿಗೆ ಕಿವಿ ಕೇಳುತ್ತಿರಲಿಲ್ಲ. ಕಮಲ ಅವನಿಗೆ ಸಕ್ಕರೆ ಇಲ್ಲದ ಚಹಾ ಕೊಟ್ಟಳು. ತನ್ನದಕ್ಕೆ ಎರಡು ಚಮಚ ಹಾಕಿ ಅವನ ಎದುರಿಗೇ ಕೂತು ಹೀರಿದಳು. ಎಂಟು ವರ್ಷಗಳಿಂದ ಹೀಗೆಯೇ. ಗಂಡನ ಕಾಯಿಲೆಗೆ ಮರುಗುವ ಹೆಂಡತಿಯರು ತಾವೂ ಸಕ್ಕರೆ ಬಿಡುತ್ತಾರಂತೆ. ಕಮಲ ಅಂಥವಳಾಗಿರಲಿಲ್ಲ.

ಅವನು ಹರಿದ ಕೊಡೆ ಹಿಡಿದು ಕೆಲಸಕ್ಕೆ ಹೋದ. ಕೊಡೆಯ ವಿಷಯದಲ್ಲಿ ಒಂದು ಸಣ್ಣ ಜಗಳವಾಯಿತು. ಸಂಜೆ ಬಂದು ಕೈಕಾಲು ತೊಳೆದು ಬಸಳೆ ಸಾಂಬಾರಿನಲ್ಲಿ ಉಂಡ. ಟೀವಿ ನೋಡುತ್ತಾ ಕೂತಲ್ಲೇ ತೂಕಡಿಸಿದ. ಅಷ್ಟೇ. ಅದು ಅವರಿಬ್ಬರೂ ಜೊತೆಗಿರುವ ಕೊನೆಯ ದಿನ ಎಂದು ಗೊತ್ತಿದ್ದರೆ ಕಮಲ ಮೀನಾದರೂ ತರಿಸುತ್ತಿದ್ದಳು.

ಪುರಂದರ ಸುರಂಗ ಕೊರೆಯುವವನು. ಪೆರ್ಲ, ಬದಿಯಡ್ಕದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಮಾತ್ರ ರೈಲು ಹೋಗುವ ಸುರಂಗವೇ ಎಂದು ಕೇಳುತ್ತಾರೆ. ಇಲ್ಲಿ ಬಾವಿಯನ್ನು ಕೆಳಗೆ ತೋಡುವ ಬದಲು ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಕೆಂಪು ಮುರಕಲ್ಲಿನೊಳಗೆ ಎಲ್ಲೋ ಒಂದು ಕಡೆ ನೀರಿನ ಸೆಲೆ ಸಿಗುತ್ತದೆ. ಆಮೇಲೆ ಪಂಪೂ ಬೇಡ, ಹಗ್ಗವೂ ಬೇಡ. ನೀರು ತಾನಾಗಿ ಹರಿದು ಅಂಗಳದ ಟಾಂಕಿಗೆ ಬಂದು ಬೀಳುತ್ತದೆ.

ಹದಿನಾಲ್ಕನೆಯ ವಯಸ್ಸಿಗೆ ಮಾವನ ಹಿಂದೆ ಹೋದ ಪುರಂದರ ಐವತ್ತೊಂಬತ್ತರವರೆಗೆ ನೂರ ಹದಿನೇಳು ಸುರಂಗ ಕೊರೆದ. ಅವನು ಮುಂದೆ ಪಿಕ್ಕಾಸು ಹಾಕುತ್ತ ಹೋಗುವುದು, ಹಿಂದಿನಿಂದ ಜೊತೆಯಾಳು ಕುಂಞ ಮಣ್ಣನ್ನು ಬುಟ್ಟಿಗೆ ತುಂಬಿ ಎಳೆದು ಹೊರಗೆ ಹಾಕುವುದು. ಇಬ್ಬರ ನಡುವೆ ಒಂದು ಮೇಣದ ಬತ್ತಿ. ಬತ್ತಿ ನಂದಿದರೆ ಗಾಳಿ ಇಲ್ಲ ಎಂದು ಅರ್ಥ. ಇಬ್ಬರೂ ಹಿಂದೆ ಬರಬೇಕು. ಬಗ್ಗಿ ಬಗ್ಗಿ ಪುರಂದರನ ಬೆನ್ನು ಹಾಗೆಯೇ ನಿಂತುಬಿಟ್ಟಿತ್ತು. ಮದುವೆ ಹಾಲಿಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದ. ಅವರ ಮದುವೆಯ ದಿನ ಧಾರೆಯ ಹೊತ್ತಿನಲ್ಲಿ ಕಮಲ ಮೊದಲು ನೋಡಿದ್ದು ಅವನ ಕಿವಿಯೊಳಗಿನ ಕೆಂಪು ಮಣ್ಣನ್ನು. ಇವನನ್ನು ತೊಳೆಯುವುದರಲ್ಲೇ ಜನ್ಮ ಹೋಗುತ್ತದೆ ಎಂದುಕೊಂಡಳು. ಅದೊಂದು ಲೆಕ್ಕ ಅವಳಿಗೆ ತಪ್ಪಲಿಲ್ಲ.

ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ಕೊರೆಸುವವರು ಕಡಿಮೆಯಾದರು. ಹಳೆಯದರ ಹೂಳು ತೆಗೆಯುವ ಕೆಲಸ ಮಾತ್ರ ಉಳಿಯಿತು. ಮೈ ದಂಡನೆ ಇಳಿಯಿತು, ಊಟ ಇಳಿಯಲಿಲ್ಲ. ಬದಿಯಡ್ಕದ ಶಾಲೆಯಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ ರಕ್ತ ನೋಡಿದವರು ಮುನ್ನೂರ ಹತ್ತು ಎಂದರು. ಪುರಂದರ ಅದನ್ನು ಒಳ್ಳೆಯ ಮಾರ್ಕು ಎಂಬಂತೆ ಮನೆಗೆ ಬಂದು ಹೇಳಿದ.

ಮಂಗಳೂರಿನ ಆಸ್ಪತ್ರೆಗೆ ಓಡಾಟ ಶುರುವಾಗಿ ಆರೇಳು ವರ್ಷ ಕಳೆದ ಮೇಲೆ, ಅಲ್ಲಿಯ ಡಾಕ್ಟರು ಈಶ್ವರಪ್ರಸಾದ ಒಂದು ಹೊಸ ಮದ್ದಿನ ವಿಷಯ ತೆಗೆದರು. ಇನ್ನೂ ಅಂಗಡಿಗೆ ಬಂದಿಲ್ಲ. ಪರೀಕ್ಷೆ ನಡೆಯುತ್ತಿದೆ. ಮನಸ್ಸಿದ್ದರೆ ಸೇರಬಹುದು, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು.

"ನೋಡಿ ಪುರಂದರ, ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಜೀವಕೋಶ ಉಂಟು. ಸಕ್ಕರೆ ಅದರ ಒಳಗೆ ಹೋಗಿ ಉರಿಯಬೇಕು. ಆಗ ನಮಗೆ ಶಕ್ತಿ. ನಿಮ್ಮಲ್ಲಿ ಅದು ಸರಿಯಾಗಿ ಆಗುದಿಲ್ಲ. ರಕ್ತದಲ್ಲೇ ತುಂಬಿಕೊಳ್ತದೆ. ಈ ಮದ್ದು ಒಂದು ಕಿಣ್ವ. ಬ್ಯಾಕ್ಟೀರಿಯಾದ ಒಳಗೆ ಬೆಳೆಸಿ ತೆಗೆದದ್ದು. ಸಾಧಾರಣ ಕಿಣ್ವ ಜೀವಕೋಶದ ಗೋಡೆ ದಾಟುದಿಲ್ಲ. ಇದಕ್ಕೆ ಒಂದು ಸಣ್ಣ ಬಾಲ ಜೋಡಿಸಿದ್ದಾರೆ. ಅದರಿಂದ ಗೋಡೆ ತೂರಿ ಒಳಗೆ ಹೋಗಿ ಸಕ್ಕರೆಯನ್ನು ಕೆಲಸಕ್ಕೆ ಹಚ್ಚುತ್ತದೆ."

ಪುರಂದರ ಕುರ್ಚಿಯ ಅಂಚಿಗೆ ಬಂದ. ಡಾಕ್ಟರ ಮಾತು ಅವನಿಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲು.

"ಅದು ಬಾಲ ಅಲ್ಲ ಡಾಕ್ಟ್ರೇ," ಎಂದ, "ಪಿಕ್ಕಾಸು."

ಡಾಕ್ಟರು ನಕ್ಕರು. ಆಮೇಲೆ ನಗು ಬಿಟ್ಟು ಎರಡು ವಿಷಯ ಹೇಳಿದರು. ಒಂದು, ಸೇರಿದವರಲ್ಲಿ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆಯೇ ತೆರೆದು ನೋಡುವುದು. ಆದ್ದರಿಂದ ಹಳೆಯ ಮಾತ್ರೆ ಬಿಡಬಾರದು. ಎರಡು, ಮೈಯಲ್ಲಿ ಹೊಸದಾಗಿ ಏನೇ ಆದರೂ, ನೋವಿರಲಿ, ಉರಿಯಿರಲಿ, ಜೋಮಿರಲಿ, ಕೂಡಲೇ ತಿಳಿಸಬೇಕು. ಇಬ್ಬರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಇಬ್ಬರೂ ಜಾಣರು.

ಮರಳಿ ಬರುವ ಬಸ್ಸು ತಲಪಾಡಿ ದಾಟುವ ಮೊದಲೇ ಪುರಂದರ ತೀರ್ಮಾನ ಕೊಟ್ಟ. "ನನಗೆ ಸಿಕ್ಕುದು ಮದ್ದೇ."

"ಡಾಕ್ಟ್ರಿಗೇ ಗೊತ್ತಿಲ್ಲ ಅಂತಾರೆ. ನಿಮಗೆ ಹೇಗೆ ಗೊತ್ತು?"

"ಗುಡ್ಡೆ ನೋಡಿ ನೀರು ಉಂಟಾ ಇಲ್ವಾ ಹೇಳುವವ ನಾನು. ನನ್ನ ಮೈಯೊಳಗಿನದ್ದು ನನಗೆ ಗೊತ್ತಾಗುದಿಲ್ವಾ?"

ವಾರಕ್ಕೊಂದು ಇಂಜೆಕ್ಷನು, ಶನಿವಾರ. ಹೊಟ್ಟೆಯ ಚರ್ಮ ಹಿಡಿದು ಚುಚ್ಚುವುದನ್ನು ಕಮಲ ಕಲಿತಳು. ತಿಂಗಳಿಗೆ ನಾಲ್ಕು ಸೀಸೆ. ಅವುಗಳನ್ನು ಎರಡರಿಂದ ಎಂಟು ಡಿಗ್ರಿಯ ಒಳಗೆ ಇಡಬೇಕು. ದಿನಾ ಬೆಳಿಗ್ಗೆ ಫ್ರಿಜ್ಜಿನ ಡಿಗ್ರಿ, ರಕ್ತದ ಸಕ್ಕರೆ, ತಿಂದದ್ದು ಎಲ್ಲ ಬರೆಯಲು ನೀಲಿ ಪುಸ್ತಕ ಕೊಟ್ಟವಳು ಪೂಜಾಶ್ರೀ. ಪರೀಕ್ಷೆಯ ಉಸ್ತುವಾರಿ ನೋಡುವ ಹುಡುಗಿ. ಅವಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಕಮಲ ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ನಾಲ್ಕನೆಯದರಲ್ಲಿ ಅರ್ಧ ವರ್ಷ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿದ್ದಳು. ಆದರೆ ಅಂಕೆ ಅವಳ ಕೈಯಲ್ಲಿ ದುಂಡಗೆ ಬರುತ್ತಿತ್ತು. ಮೂರನೆಯ ತಿಂಗಳು ಪೂಜಾಶ್ರೀ ಪುಸ್ತಕ ತಿರುಗಿಸಿ ಹೇಳಿದಳು: "ಕಮಲಕ್ಕ, ನಮ್ಮ ಎಲ್ಲ ಪೇಷೆಂಟುಗಳ ಪೈಕಿ ನಿಮ್ಮ ಪುಸ್ತಕವೇ ಚಂದ."

ಆ ಒಂದು ಮಾತಿಗೆ ಕಮಲ ಹಾಳಾದಳು. ಹುಟ್ಟಿದ ಮೇಲೆ ಬರವಣಿಗೆಗೆ ಸಿಕ್ಕಿದ ಮೊದಲ ಶಹಭಾಸು ಅದು. ಅಂದಿನಿಂದ ಪುಸ್ತಕವನ್ನು ದೇವರ ಕೋಣೆಯ ಶೆಲ್ಫಿನಲ್ಲಿಟ್ಟಳು. ಗೆರೆ ಎಳೆಯಲು ಸ್ಕೇಲು ತರಿಸಿದಳು. ಹೆಂಗಸರ ಕುಟುಂಬಶ್ರೀ ಸಂಘದ ಮೀಟಿಂಗಿನಲ್ಲಿ ಹಪ್ಪಳದ ವಿಷಯ ನಡೆಯುತ್ತಿದ್ದರೆ ಇವಳು ನಡುವೆ ಬಾಯಿ ಹಾಕಿ ಜೀವಕೋಶದ ಗೋಡೆಯ ಬಗ್ಗೆ ಹೇಳಿದಳು. "ನಮ್ಮವರದ್ದು ಅಮೇರಿಕದಲ್ಲೂ ಸಿಕ್ಕದ ಮದ್ದು," ಎಂದಳು. ಅಮೇರಿಕದಲ್ಲಿ ಏನೇನು ಸಿಗುತ್ತದೆ ಎಂದು ಅವಳಿಗೇನು ಗೊತ್ತು? ಮಂಗಳೂರಿನಲ್ಲಿ ಸಿಗುವುದೇ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ.

ಎರಡು ತಿಂಗಳಿಗೆ ಸಕ್ಕರೆ ನೂರೈವತ್ತಕ್ಕೆ ಇಳಿಯಿತು. ಪುರಂದರ ಕಾಲು ಚಾಚಿ ಕೂತು ಮೀನಖಂಡ ತೋರಿಸಿದ.

"ಇಲ್ಲಿ ಕುಟ್ಟುದು ಗೊತ್ತಾಗ್ತಾ ಉಂಟು ಕಮಲ."

"ಎಂತದು?"

"ಕೆಲಸ ನಡೀತಾ ಉಂಟು. ಸಣ್ಣ ಸಣ್ಣ ಪಿಕ್ಕಾಸು. ಟಿಕ್ ಟಿಕ್ ಅಂತ. ಪಾದದವರೆಗೆ ಹೋಗ್ತದೆ. ನಾನು ಕೊರೆಯುವವ ಅಲ್ವಾ, ಆ ಪೆಟ್ಟು ನನಗೆ ಗೊತ್ತಾಗದೆ ಇರ್ತದಾ?"

ಕಮಲ ನೆಲಕ್ಕೆ ಕೂತು ಅವನ ಮೀನಖಂಡಕ್ಕೆ ಕಿವಿಯಿಟ್ಟಳು. ಅದೇ ಹೊತ್ತಿಗೆ ಕುಂಞ ಅಂಗಳಕ್ಕೆ ಬಂದ.

"ಎಂತ ಕಮಲಕ್ಕ, ಬೆಳಿಗ್ಗೆ ಬೆಳಿಗ್ಗೆ ಗಂಡನ ಕಾಲು ಹಿಡ್ಕೊಂಡಿದ್ದೀರಿ? ಅಷ್ಟು ದೊಡ್ಡ ತಪ್ಪು ಎಂತ ಮಾಡಿದ್ದು?"

"ಸುಮ್ಮನಿರು ಮಾರಾಯ. ಮದ್ದು ಕೊರೆಯುವ ಶಬ್ದ ಕೇಳ್ತಾ ಉಂಟು."

"ಕೊರೆಯುದು ಸರಿ, ಮಣ್ಣು ಎಳೆಯುವವ ಯಾರು? ಅಲ್ಲಿಗೂ ನಾನೇ ಹೋಗ್ಬೇಕಾ?"

ಮೂವರೂ ನಕ್ಕರು. ಕಮಲಳಿಗೆ ಏನಾದರೂ ಕೇಳಿಸಿತ್ತೇ? ಕೇಳಿಸಿತು ಎಂದೇ ಹೇಳಿದಳು. ಆ ತಿಂಗಳು ಮಂಗಳೂರಿಗೆ ಹೋದಾಗ ಪೂಜಾಶ್ರೀ, "ಹೊಸದಾಗಿ ಎಂತಾದ್ರೂ ಉಂಟಾ?" ಎಂದು ಕೇಳಿದಳು. "ಎಂತ ಇಲ್ಲ, ಮದ್ದು ಒಳ್ಳೆ ಕೆಲಸ ಮಾಡ್ತಾ ಉಂಟು," ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಒಂದು ವರ್ಷ ಹಾಗೆ ಹೋಯಿತು. ಜೂನ್ ತಿಂಗಳ ಮೊದಲ ವಾರ ಗಾಳಿ ಮಳೆ ಬಂತು. ಮಾವಿನ ಮರ ಮುರಿದು ಲೈನಿನ ಮೇಲೆ ಬಿತ್ತು, ಎರಡು ಕಂಬ ಮಲಗಿದವು. ಕರೆಂಟು ಹೋಯಿತು. ಮೊದಲ ದಿನ ಕಮಲ ಫ್ರಿಜ್ಜಿನ ಬಾಗಿಲು ತೆರೆಯದೆ ಕಾದಳು. ಮಧ್ಯಾಹ್ನದ ಮೇಲೆ ನೋಡಿದರೆ ಹದಿನಾಲ್ಕು. ಒಳಗೆ ಒಂದು ತಿಂಗಳ ನಾಲ್ಕು ಸೀಸೆ, ಆಗಷ್ಟೇ ತಂದದ್ದು. ಸುತ್ತಲಿನ ಎಲ್ಲ ಮನೆಗಳಲ್ಲೂ ಅದೇ ಕತ್ತಲೆ.

ಕಮಲ ಫೋನು ಎತ್ತಿ ಪೂಜಾಶ್ರೀಯ ನಂಬರು ಒತ್ತಿದಳು. ರಿಂಗ್ ಆಗುವ ಮೊದಲೇ ಕಟ್ ಮಾಡಿದಳು. ಮದ್ದು ಬಿಸಿಯಾಯಿತು ಎಂದರೆ ಆ ಸೀಸೆ ಮುಟ್ಟಬೇಡಿ ಎನ್ನುತ್ತಾರೆ. ಆಮೇಲೆ ಇಂಥ ಮನೆಯವರು ಬೇಡ ಎಂದು ಪರೀಕ್ಷೆಯಿಂದಲೇ ತೆಗೆದುಬಿಟ್ಟರೆ? ನೂರೈವತ್ತು ಮತ್ತೆ ಮುನ್ನೂರಾದರೆ? ಅವಳು ಆಗ ಹಾಗೆ ಯೋಚಿಸಿದಳು. ಪುಸ್ತಕದ ಚಂದ ಹಾಳಾಗುತ್ತದೆ ಎಂದೂ ಯೋಚಿಸಿದಳು. ಯಾವುದನ್ನು ಮೊದಲು ಯೋಚಿಸಿದಳು ಎಂದು ಯಾರೂ ಕೇಳದಿದ್ದರೆ ಒಳ್ಳೆಯದು.

"ಎಂತಕ್ಕೆ ಅಷ್ಟು ತಲೆಬಿಸಿ?" ಎಂದ ಪುರಂದರ. "ನಮ್ಮ ಸುರಂಗ ಇಲ್ವಾ? ಅಜ್ಜಿ ಬೆಣ್ಣೆ ಇಡ್ತಿದ್ದದ್ದು ಅಲ್ಲೇ. ಬೇಸಿಗೆಯಲ್ಲೂ ಕರಗ್ತಿರ್ಲಿಲ್ಲ. ಫ್ರಿಜ್ಜು ಬಂದದ್ದು ನಿನ್ನೆ ಮೊನ್ನೆ, ಸುರಂಗ ನೂರು ವರ್ಷದ್ದು."

ಸೀಸೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟೀಲಿನ ಬುತ್ತಿಗೆ ಹಾಕಿದರು. ಮನೆಯ ಹಿಂದಿನ ಸುರಂಗ ನಲವತ್ತು ಕೋಲು, ಎಂದರೆ ನೂರಡಿಯ ಹತ್ತಿರ, ಉದ್ದ. ಪುರಂದರ ಮುಂದೆ ಬಗ್ಗಿ ಹೋದ, ಕಮಲ ಟಾರ್ಚು ಹಿಡಿದು ಹಿಂದೆ. ಸೊಂಟ ಹಿಡಿದುಕೊಂಡಿತು, ತಲೆ ಎರಡು ಸಲ ಕಲ್ಲಿಗೆ ಬಡಿಯಿತು. ಕೊನೆಯಲ್ಲಿ ಕಲ್ಲಿನ ಸಂದಿಯಿಂದ ನೀರು ಜಿನುಗುವ ಕಡೆ ಬುತ್ತಿಯನ್ನು ಅರ್ಧ ಮುಳುಗುವಂತೆ ಇಟ್ಟು, ಮೇಲೆ ಒಂದು ಕಲ್ಲು ಹೇರಿದರು. ಹೊರಗಿನ ಸೆಕೆಯಿಂದ ಬಂದವರಿಗೆ ಅದು ಮಂಜುಗಡ್ಡೆಯಂತೆ ತೋರಿತು. ಪುರಂದರ ಗೋಡೆಗೆ ಅಂಗೈ ಒತ್ತಿ, ತಾನೇ ಕಟ್ಟಿಸಿದ ಬಂಗಲೆ ತೋರಿಸುವವನ ಹಾಗೆ ಹೇಳಿದ: "ನೋಡು, ಹೇಗುಂಟು?"

ಕಮಲ ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಥರ್ಮಾಮೀಟರನ್ನು ನೀರಿಗೆ ಹಿಡಿದಳು. ಸ್ವಲ್ಪ ಹೊತ್ತು ಬಿಟ್ಟು ಟಾರ್ಚಿನ ಬೆಳಕಿಗೆ ತಂದಳು. ಇಪ್ಪತ್ತನಾಲ್ಕು.

"ಎಷ್ಟುಂಟು?"

"ತಣ್ಣಗುಂಟು," ಎಂದಳು ಕಮಲ.

ಮನೆಗೆ ಬಂದು ಪುಸ್ತಕದಲ್ಲಿ ಐದು ಎಂದು ಬರೆದಳು. ಎರಡನೆಯ ದಿನವೂ ಐದು. ಮೂರನೆಯ ದಿನ ಆರು ಎಂದು ಬರೆದಳು. ಸುಳ್ಳಿಗೂ ಸ್ವಲ್ಪ ಏರಿಳಿತ ಇದ್ದರೆ ಚಂದ ಎಂದು ಅವಳಿಗೆ ತೋರಿತು. ನಾಲ್ಕನೆಯ ದಿನ ಮತ್ತೆ ಐದು. "ಬರೆದಾಯ್ತಾ?" ಎಂದು ಪುರಂದರ ಕೇಳುತ್ತಿದ್ದ. "ಬರೆದೆ," ಎನ್ನುತ್ತಿದ್ದಳು. ಏನು ಬರೆದೆ ಎಂದು ಅವನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಐದನೆಯ ದಿನ ಕರೆಂಟು ಬಂತು, ಸೀಸೆಗಳು ಫ್ರಿಜ್ಜಿಗೆ ಮರಳಿದವು. ಆ ಶನಿವಾರ ಒಂದನ್ನು ಚುಚ್ಚಿದಳು, ಮುಂದಿನ ಶನಿವಾರ ಇನ್ನೊಂದನ್ನು. ಸಕ್ಕರೆ ನೂರೆಪ್ಪತ್ತಾಯಿತು, ನೂರೆಂಬತ್ತಾಯಿತು. ಪುರಂದರ ಹಲಸಿನಹಣ್ಣಿನ ಮೇಲೆ ಹೊರಿಸಿದ. ಕಮಲ ಬಾಯಿಯಲ್ಲಿ ಅದನ್ನೇ ಹೇಳಿದಳು, ಬೀಜ ಎಣಿಸಿದಳು, ಬೈದಳು. ಒಳಗೊಳಗೇ ಇಪ್ಪತ್ತನಾಲ್ಕು ಎಂಬ ಅಂಕೆಯನ್ನು ನುಂಗುತ್ತಿದ್ದಳು. ಮೊಟ್ಟೆ ಬೆಂದ ಮೇಲೆ ಮತ್ತೆ ಹಸಿಯಾಗುವುದಿಲ್ಲವಲ್ಲ. ಮದ್ದೂ ಹಾಗೆ ಕೆಡುತ್ತದೆ ಎಂದು ಪೂಜಾಶ್ರೀ ಮೊದಲ ದಿನವೇ ಹೇಳಿದ್ದಳು.

ಹನ್ನೊಂದು ಹಲಸಿನ ಬೀಜದ ಆ ಬುಧವಾರದ ಮರುದಿನ ಗುರುವಾರ. ಪುರಂದರ ಪೆರ್ಲದ ಹತ್ತಿರ ಒಂದು ಮನೆಗೆ ಸುರಂಗದ ಹೂಳು ತೆಗೆಯಲು ಹೋಗಿದ್ದ. ಹತ್ತೂವರೆಗೆ ಹೊರಗೆ ಬಂದು ಸುರಂಗದ ಬಾಯಿಯಲ್ಲಿ ಕಲ್ಲಿಗೆ ಒರಗಿ ಕೂತ. ನೋವು ಎನ್ನಲಿಲ್ಲ, ಎದೆ ಮುಟ್ಟಿಕೊಳ್ಳಲಿಲ್ಲ. ಕುಂಞ ಪಕ್ಕದಲ್ಲಿ ಕೂತು ತನ್ನ ಅಳಿಯ ಸೆಕೆಂಡ್‌ಹ್ಯಾಂಡ್ ಬೈಕು ಕೊಂಡ ಕಥೆ ಹೇಳತೊಡಗಿದ. ಉದ್ದ ಕಥೆ. ಹತ್ತು ನಿಮಿಷ ಕಳೆದ ಮೇಲೆ, ಪುರಂದರ ಒಮ್ಮೆಯೂ ಅಡ್ಡ ಮಾತಾಡಲಿಲ್ಲವಲ್ಲ ಎಂದು ಅವನಿಗೆ ಅನುಮಾನ ಬಂತು.

ಮಗಳು ಕ್ಷಮಾ ಉಪ್ಪಳದಿಂದ ಗಂಡನ ಜೊತೆ ಬಂದಳು. ಜನ ಸೇರಿದರು. ಹಾರ್ಟು ಎಂದರು. ಹಣೆಬರಹ ಎಂದರು. ಕಮಲ ಅತ್ತದ್ದು ಕಡಿಮೆ. ಗಟ್ಟಿ ಹೆಂಗಸು ಎಂದು ಕೆಲವರು ಹೊಗಳಿದರು. ಅವಳ ತಲೆಯಲ್ಲಿ ನಾಲ್ಕೇ ಅಂಕೆ ತಿರುಗುತ್ತಿದ್ದವು: ಐದು, ಐದು, ಆರು, ಐದು. ಗಂಡನನ್ನು ಕೊಂದದ್ದು ತಾನು. ಅದೂ ದುಂಡಗಿನ ಅಕ್ಷರದಲ್ಲಿ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೂರನೆಯ ದಿನ ಪೂಜಾಶ್ರೀ ಬಂದಳು. ಉಳಿದ ಎರಡು ಸೀಸೆ, ರಕ್ತ ನೋಡುವ ಮೆಷಿನು, ನೀಲಿ ಪುಸ್ತಕ ಎಲ್ಲ ಮರಳಿ ಒಪ್ಪಿಸಬೇಕಿತ್ತು. ಕಮಲ ಚಹಾ ಕೊಟ್ಟಳು. ಪೂಜಾಶ್ರೀ ಪುಸ್ತಕ ತೆರೆದು, "ಕೊನೆಯ ದಿನದವರೆಗೂ ಬರೆದಿದ್ದೀರಲ್ಲ ಕಮಲಕ್ಕ," ಎಂದಳು. ಅವಳ ಕಣ್ಣು ತುಂಬಿತ್ತು.

"ನೀವು ಹೊಗಳಬೇಡಿ ಸಿಸ್ಟರ್," ಎಂದಳು ಕಮಲ. "ಹೊಗಳಿದ್ದಕ್ಕೇ ಇಷ್ಟಾದದ್ದು."

ಎಲ್ಲ ಹೇಳಿದಳು. ಮರ ಬಿದ್ದದ್ದು, ಫೋನು ಕಟ್ ಮಾಡಿದ್ದು, ಬುತ್ತಿ, ಇಪ್ಪತ್ತನಾಲ್ಕು, ಚಂದಕ್ಕೆ ಬರೆದ ಆರು. ಎಲ್ಲಿಯೂ ನಿಲ್ಲಿಸಲಿಲ್ಲ. ಪೂಜಾಶ್ರೀ ಬೈಯುತ್ತಾಳೆ ಎಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಪೂಜಾಶ್ರೀ ಆ ನಾಲ್ಕು ದಿನಗಳ ಪುಟ ತೆಗೆದು, "ಪೆನ್ನು ತನ್ನಿ," ಎಂದಳು.

ಕಮಲ ಪೆನ್ನಿನ ಜೊತೆ ರಬ್ಬರನ್ನೂ ತಂದಳು.

"ರಬ್ಬರು ಬೇಡ. ಅಳಿಸ್ಲಿಕ್ಕಿಲ್ಲ. ಅದರ ಮೇಲೆ ಒಂದೇ ಗೆರೆ ಎಳೀರಿ. ಕೆಳಗಿದ್ದದ್ದು ಓದ್ಲಿಕ್ಕೆ ಸಿಗ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು, ಇವತ್ತಿನ ತಾರೀಕು ಹಾಕಿ ಸೈನ್ ಮಾಡಿ."

ಮೊದಲ ದಿನದ ಐದಕ್ಕೆ ಗೆರೆ ಎಳೆದು ಇಪ್ಪತ್ತನಾಲ್ಕು ಬರೆದಳು. ಉಳಿದ ಮೂರು ದಿನ? ಮತ್ತೆ ಒಳಗೆ ಹೋಗಿ ನೋಡಿರಲಿಲ್ಲ. "ನೋಡಿಲ್ಲ ಅಂತಲೇ ಬರೀರಿ," ಎಂದಳು ಪೂಜಾಶ್ರೀ. ನೋಡಿಲ್ಲ, ನೋಡಿಲ್ಲ, ನೋಡಿಲ್ಲ. ಎಲ್ಲ ಪೇಷೆಂಟುಗಳ ಪೈಕಿ ಚಂದದ ಪುಸ್ತಕ ಈಗ ನಾಲ್ಕನೇ ಕ್ಲಾಸಿನವಳ ಪುಸ್ತಕದಂತೆ ಕಂಡಿತು.

"ಒಂದು ಹೇಳಿ ಸಿಸ್ಟರ್. ಇವರಿಗೆ ಸಿಕ್ಕಿದ್ದು ಮದ್ದಾ, ನೀರಾ?"

"ನನಗೆ ಗೊತ್ತಿಲ್ಲ ಕಮಲಕ್ಕ. ಸತ್ಯವಾಗ್ಲೂ ಗೊತ್ತಿಲ್ಲ. ಎಲ್ಲ ಮುಗಿಯುವಾಗ ಫೆಬ್ರವರಿ ಆಗ್ತದೆ. ಆಗ ನಾನೇ ಫೋನು ಮಾಡ್ತೇನೆ."

ಎಂಟು ತಿಂಗಳು ಕಮಲ ತಾನೇ ಕಟಕಟೆಯಲ್ಲಿ ನಿಂತು ತಾನೇ ತೀರ್ಪಿಗೆ ಕಾದಳು. ನೀರಾಗಿದ್ದರೆ ಅವಳು ಸುರಂಗದಲ್ಲಿಟ್ಟು ಕೆಡಿಸಿದ್ದು ಉಪ್ಪುನೀರನ್ನು, ಉಪ್ಪುನೀರು ಕೆಡುವುದಿಲ್ಲ. ಮದ್ದಾಗಿದ್ದರೆ ಉಳಿಯಬಹುದಾಗಿದ್ದ ಗಂಡನನ್ನು ಕೈಯಾರೆ ಕಳುಹಿಸಿದಳು. ನೀರಾಗಿರಲಿ ಎಂದು ಕುಂಬಳೆ ಹತ್ತಿರದ ಅನಂತಪುರದ ದೇವಸ್ಥಾನಕ್ಕೆ ಹೋಗಿ ಹರಕೆ ಹೇಳಿಕೊಂಡಳು. ಮನೆಗೆ ಬರುವ ದಾರಿಯಲ್ಲೇ ಮನಸ್ಸು ತಿರುಗಿತು. ಪಿಕ್ಕಾಸು, ಪಿಕ್ಕಾಸು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯನಿಗೆ ಬರೀ ನೀರು ಸಿಕ್ಕಿತ್ತು ಎಂದಾದರೆ ಅದೆಂಥ ಅವಮಾನ! ಮದ್ದೇ ಆಗಿರಲಿ, ತಾನು ಪಾಪಿಯಾದರೂ ಅಡ್ಡಿಯಿಲ್ಲ ಎಂದುಕೊಂಡಳು. ಮರುದಿನ ಮತ್ತೆ ನೀರು. ಅವಳ ಹರಕೆ ಕೇಳಿ ಕೇಳಿ ದೇವರಿಗೂ ಬೇಸರ ಬಂದಿರಬೇಕು.

ಫೆಬ್ರವರಿಯಲ್ಲಿ ಫೋನು ಬಂತು. ಕಮಲ ಕುಂಞನನ್ನು ಕರೆದುಕೊಂಡು ಮಂಗಳೂರಿಗೆ ಹೋದಳು. ಕುಂಞ ಹೊರಗಿನ ಬೆಂಚಿನಲ್ಲಿ ಕೂತ. ಡಾಕ್ಟರು ಈಶ್ವರಪ್ರಸಾದ ಒಂದು ಹಾಳೆ ನೋಡಿ, ನೇರವಾಗಿ ಹೇಳಿದರು.

"ಪುರಂದರರಿಗೆ ಸಿಕ್ಕಿದ್ದು ಉಪ್ಪುನೀರು ಅಮ್ಮ. ನೀವು ಸುರಂಗದಲ್ಲಿ ಇಟ್ಟದ್ದರಿಂದ ಎಂತದೂ ಆಗಿಲ್ಲ. ಎದೆಯ ರಕ್ತನಾಳ ತುಂಬ ವರ್ಷದಿಂದ ಕಟ್ಟಿಕೊಳ್ತಾ ಬಂದದ್ದು."

ಕಮಲ ಗಟ್ಟಿಯಾಗಿ ನಕ್ಕುಬಿಟ್ಟಳು. ಪೂಜಾಶ್ರೀ ಬೆಚ್ಚಿದಳು. ಕೋಣೆಯ ಹೊರಗೂ ಕೇಳಿಸುವಂಥ ನಗು. ತಲೆಗೆ ಕಲ್ಲು ಬಡಿಸಿಕೊಂಡು, ಸೊಂಟ ಮುರಿದುಕೊಂಡು, ನಲವತ್ತು ಕೋಲು ಒಳಗೆ ಹೋಗಿ ಇಬ್ಬರೂ ಅಡಗಿಸಿಟ್ಟದ್ದು ಉಪ್ಪುನೀರನ್ನು. ಗುಡ್ಡೆ ನೋಡಿದ ಕೂಡಲೇ ನೀರು ಉಂಟೆಂದು ಹೇಳುವವನಿಗೆ ತನ್ನ ಹೊಟ್ಟೆಗೆ ಚುಚ್ಚಿದ್ದು ನೀರೆಂದು ಗೊತ್ತಾಗಲಿಲ್ಲ.

"ಹಾಗಾದ್ರೆ ಡಾಕ್ಟ್ರೇ, ನೂರೈವತ್ತಕ್ಕೆ ಇಳಿದದ್ದು ಹೇಗೆ?"

"ಅದು ನೀವು. ದಿನಾ ನೋಡಿದ್ದು, ಬರೆದದ್ದು, ತಿನ್ನದ ಹಾಗೆ ಕಾದದ್ದು. ಮದ್ದು ಅಲ್ಲ."

"ನನ್ನ ಬೈಗುಳ," ಎಂದಳು ಕಮಲ. ಕಣ್ಣು ಒರೆಸಿಕೊಂಡು ಇನ್ನೊಂದು ಕೇಳಿದಳು. "ಮತ್ತೆ ಅವರ ಕಾಲಿನಲ್ಲಿ ಕುಟ್ಟುತ್ತಿದ್ದದ್ದು ಯಾರು?"

"ಎಂತ ಕುಟ್ಟುದು?"

ಕಮಲ ಹೇಳಿದಳು. ಟಿಕ್ ಟಿಕ್, ಮೀನಖಂಡದಿಂದ ಪಾದದವರೆಗೆ. ಮದ್ದು ಕೊರೆಯುವುದು ಎಂದುಕೊಂಡದ್ದು. ಡಾಕ್ಟರು ಹಾಳೆಯನ್ನು ಕೆಳಗಿಟ್ಟರು.

"ಅದು ನರ ಅಮ್ಮ. ಸಕ್ಕರೆ ಜಾಸ್ತಿ ಇದ್ದು ಇದ್ದು ನರ ಕೆಡ್ತದೆ. ಮೊದಲು ಕುಟ್ಟಿದ ಹಾಗೆ, ಇರುವೆ ಹರಿದ ಹಾಗೆ ಆಗ್ತದೆ. ಹಾಗೆ ನರ ಕೆಟ್ಟವರಿಗೆ ಎದೆನೋವು ಬಂದರೂ ಕೆಲವು ಸಲ ಗೊತ್ತಾಗುದಿಲ್ಲ."

ಕಮಲ ನಗಲಿಲ್ಲ. ಕಾಯಿಲೆಯ ಸದ್ದಿಗೆ ಕಿವಿಯಿಟ್ಟು ಇಬ್ಬರೂ ಖುಷಿಪಟ್ಟಿದ್ದರು. ಅವಳು ತನ್ನ ತಪ್ಪನ್ನು ಸುರಂಗದ ಕೊನೆಯಲ್ಲಿ ಹುಡುಕುತ್ತಿದ್ದಳು. ಅದು ಇದ್ದದ್ದು ಅಂಗಳದಲ್ಲಿ, ಬೆಳ್ಳಂಬೆಳಗ್ಗೆ, ಮೂವರು ನಗುತ್ತಿದ್ದ ಕಡೆ.

"ಹೇಳಿದ್ದರೆ ಉಳೀತಿದ್ರಾ?"

ಡಾಕ್ಟರು ಸುಳ್ಳು ಹೇಳುವ ಮನುಷ್ಯನಲ್ಲ. "ಕಾಲಿಗೆ ಮಾತ್ರೆ ಕೊಡ್ತಿದ್ದೆ. ಎದೆಯನ್ನೂ ಒಮ್ಮೆ ನೋಡುವ ಅಂತ ಹೇಳ್ತಿದ್ದೆನೇನೋ. ಉಳೀತಿದ್ರಾ ಇಲ್ವಾ, ನನಗೆ ಗೊತ್ತಿಲ್ಲ."

ಹೊರಗೆ ಬರುವಾಗ ಪೂಜಾಶ್ರೀ ಕೈ ಹಿಡಿದುಕೊಂಡಳು. ನೀರು ಪಡೆದವರು ಇಲ್ಲದಿದ್ದರೆ ಮದ್ದು ಪಡೆದವರಿಗೆ ಗುಣವಾದದ್ದು ಮದ್ದಿನಿಂದಲೇ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಪುರಂದರಣ್ಣ ಮಾಡಿದ್ದೂ ಅಷ್ಟೇ ದೊಡ್ಡ ಕೆಲಸ ಎಂದಳು. ಥರ್ಮಾಮೀಟರನ್ನು ಅಂದು ಮರೆತು ಬಿಟ್ಟು ಬಂದಿದ್ದೆ, ಅದು ನಿಮ್ಮಲ್ಲೇ ಇರಲಿ ಎಂದೂ ಹೇಳಿದಳು.

ಬಸ್ಸಿನಲ್ಲಿ ಕಮಲ ಕುಂಞನಿಗೆ ಎಲ್ಲ ಹೇಳಿದಳು.

"ಒಣ ಸುರಂಗದ ಹಾಗೆ ಅಲ್ವಾ ಕಮಲಕ್ಕ," ಎಂದ ಕುಂಞ. "ಅಲ್ಲಿ ನೀರಿಲ್ಲ ಅಂತ ಗೊತ್ತಾಗ್ಬೇಕಾದ್ರೂ ಯಾರಾದ್ರೂ ಕೊರೀಬೇಕಲ್ಲ."

"ಹಾಗೆ ಹೇಳಿದ್ರೆ ಅವರು ಒಪ್ತಿದ್ರಾ?"

"ಎಲ್ಲಿ ಒಪ್ಪುದು! ನನಗೆ ಸಿಕ್ಕಿದ್ದು ಮದ್ದೇ, ಡಾಕ್ಟ್ರಿಗೆ ಹಾಳೆ ಅದಲುಬದಲಾದದ್ದು ಅಂತಿದ್ರು."

ಇಬ್ಬರೂ ನಕ್ಕರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಗಂಡ ಸತ್ತ ಬಿಳಿ ಸೀರೆಯವಳು ಹಲ್ಲು ಬಿಡುವುದನ್ನು ನೋಡಲಿ ಎಂದು ಕಮಲ ಇನ್ನೂ ಸ್ವಲ್ಪ ನಕ್ಕಳು.

ಸಕ್ಕರೆಯನ್ನು ಅವಳು ಇನ್ನೂ ಬಿಟ್ಟಿಲ್ಲ. ಎರಡು ಚಮಚ ಒಂದಕ್ಕೆ ಇಳಿದಿದೆ, ಅದೂ ಕ್ಷಮಾಳ ಕಾಟಕ್ಕೆ. ಆದರೆ ಚಹಾಕ್ಕೆ ನೀರಿಡುವ ಮೊದಲು ದಿನಾ ಫ್ರಿಜ್ಜಿನ ಬಾಗಿಲು ತೆರೆಯುತ್ತಾಳೆ. ಒಳಗೆ ಇರುವುದು ದೋಸೆಹಿಟ್ಟು, ಅರ್ಧ ತೆಂಗಿನಕಾಯಿ, ನಿನ್ನೆಯ ಸಾರು. ಇವಕ್ಕೆ ಡಿಗ್ರಿ ಬೇಕಾಗಿಲ್ಲ ಎಂದು ಅವಳಿಗೂ ಗೊತ್ತು. ಬಗ್ಗಿ ಥರ್ಮಾಮೀಟರು ನೋಡುತ್ತಾಳೆ, ಗ್ಯಾಸ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಂಕೆ ಬರೆಯುತ್ತಾಳೆ. ಮೊನ್ನೆ ಇಡೀ ರಾತ್ರಿ ಕರೆಂಟಿರಲಿಲ್ಲ. ಹದಿನೇಳು ಇತ್ತು. ಹದಿನೇಳು ಎಂದೇ ಬರೆದು, ಒಲೆ ಹಚ್ಚಿದಳು.